ಪ್ರೇಮಪತ್ರವೂ ಅದರ ಮೂರನೆಯ ಓದುಗನೂ

ಪ್ರೇಮಪತ್ರಗಳ ವಿಷಯವಾಗಿ ಒಂದು ಲೇಖನವೆಂದರೆ ವಾಚಕ ಮಹಾಶಯರು ಮುಗುಳ್ನಗದೆ ಇರಲಾರರು. ಕಂದಾಯ, ರಸ್ತೆ, ಅಡಿಕೆಯ ಧಾರಣೆ, ಶಾಲೆಗಳ ದುಃಸ್ಥಿತಿ ಇವೇ ಮೊದಲಾದವು ಬರಬೇಕಾದ ಈ ಪುಟದಲ್ಲಿ, ಐವತ್ತು ದಾಟಿದ ಸಂಪಾದಕನಿಗೆ ಇದೇನು ಹೊಸ ಹುಚ್ಚು ಎಂದು ಕೇಳುವವರೂ ಇರಬಹುದು. ಅಂಥವರಿಗೆ ನನ್ನ ಉತ್ತರವಿಷ್ಟೆ: ಈ ವಿಷಯದಲ್ಲಿ ನನಗಿರುವ ಅಧಿಕಾರವು ಅಲ್ಪವಾದುದಲ್ಲ. ಹನ್ನೆರಡು ವರ್ಷ ತುಂಬುವುದರೊಳಗಾಗಿಯೇ ನಾನು ಹಲವು ದಂಪತಿಗಳ ಪತ್ರಗಳನ್ನು ಓದಿದ್ದೆನು. ಕದ್ದು ಓದಿದುದಲ್ಲ, ಮನೆಮಂದಿಯೆಲ್ಲರ ಮುಂದೆ ಕಂಠವೆತ್ತಿ ಓದಿದುದು.

ಸುಳ್ಯದ ಪೇಟೆಗೆ ಸಮೀಪವಾಗಿ ಕಾಸರಗೋಡಿನ ಗಡಿಯ ಕಡೆಗಿರುವ ಅಜ್ಜಾವರದಲ್ಲಿ ನನ್ನ ಬಾಲ್ಯವು ಕಳೆಯಿತು. ಅಡಿಕೆಯ ತೋಟ, ಗದ್ದೆ, ಗುಡ್ಡ. ಒಂದು ಮನೆಗೂ ಇನ್ನೊಂದು ಮನೆಗೂ ಕೂಗಳತೆಗಿಂತ ಹೆಚ್ಚಿನ ದೂರ. ತೋಟವಿದ್ದವರು ತೋಟದಲ್ಲಿ ದುಡಿದರು. ತೋಟ ಸಾಲದವರ ಮಕ್ಕಳು ಮುಂಬಯಿಯ ಹೋಟೆಲುಗಳಿಗೋ ಕೊಡಗಿನ ಕಾಫಿತೋಟಗಳಿಗೋ ಹೋದರು. ಹೋದವರ ಕಾಗದಗಳು ಬರುತ್ತಿದ್ದವು. ಕಾಗದ ಬಂದ ಮನೆಯಲ್ಲಿ ಓದಬಲ್ಲವರಿಲ್ಲದಿದ್ದರೆ, ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಉರುಹೊಡೆಯುತ್ತಿದ್ದ ನನಗೆ ಕರೆ ಬರುತ್ತಿದ್ದಿತು. ಒಂದು ತುಂಡು ಬೆಲ್ಲ, ಒಂದು ಲೋಟ ನೀರು, ಕುಳಿತುಕೊಳ್ಳಲು ಒಂದು ಮಣೆ. ಇಷ್ಟು ಸಂಭಾವನೆಗೆ ನಾನು ಊರಿನ ಯಾವತ್ತೂ ಸಂಸಾರಗಳ ಗುಟ್ಟುಗಳಿಗೆ ಒಡೆಯನಾದೆನು.

ಗುಟ್ಟುಗಳೆಂದೆನಷ್ಟೆ, ವಾಸ್ತವವಾಗಿ ಆ ಕಾಗದಗಳಲ್ಲಿ ಗುಟ್ಟೆಂಬುದೇ ಇರುತ್ತಿರಲಿಲ್ಲ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭ. ತಂದೆಯವರಿಗೆ, ಇಲ್ಲವೆ ಮಾತೃಶ್ರೀಯವರಿಗೆ ಸಾಷ್ಟಾಂಗ ನಮಸ್ಕಾರ. ಆಮೇಲೆ ಹಣ ಕಳುಹಿಸಿದ ವಿವರ, ದನ ಕರು ಹಾಕಿತೇ ಎಂಬ ವಿಚಾರಣೆ, ಕೊಳೆರೋಗಕ್ಕೆ ಮದ್ದು ಬಿಟ್ಟಾಯಿತೇ ಎಂಬ ಚಿಂತೆ. ಹೆಂಡತಿಯ ಹೆಸರು ಎಲ್ಲಿಯೂ ಬಾರದು. ಬಂದರೆ ಕಟ್ಟಕಡೆಗೆ ‘ಅವಳಿಗೂ ತಿಳಿಸುವುದು’ ಎಂಬಷ್ಟರಲ್ಲಿಯೇ ಬರುವುದು. ಇನ್ನೊಂದು ವಿಶೇಷವನ್ನೂ ಹೇಳಬೇಕು. ನಮ್ಮ ಸೀಮೆಯಲ್ಲಿ ಮನೆಯ ಮಾತು ತುಳು, ಇಲ್ಲವೆ ಅರೆಭಾಷೆ. ಕಾಗದದ ಮಾತು ಮಾತ್ರ ಶಾಲೆಯಲ್ಲಿ ಕಲಿತ ಕನ್ನಡ. ಗಂಡನು ತನ್ನ ನಾಲಗೆಯ ಮಾತನ್ನು ಗ್ರಂಥದ ಭಾಷೆಗೆ ತಿರುಗಿಸಿ ಬರೆಯುವನು. ಓದುವ ಹುಡುಗನು ಅದನ್ನು ಮತ್ತೆ ನಾಲಗೆಯ ಮಾತಿಗೆ ತಿರುಗಿಸಿ ಹೇಳುವನು. ಎರಡು ಸಾರಿ ಹೊಳೆ ದಾಟಿದ ಮೇಲೆ ಎಷ್ಟು ಪ್ರೀತಿ ಒಣಗಿ ಉಳಿದೀತು?

ಒಂದು ಮಳೆಗಾಲದ ಸಂಗತಿ. ಮುಂಬಯಿಯ ಹೋಟೆಲೊಂದರಲ್ಲಿದ್ದವನ ನೀಲಿ ಇನ್‌ಲ್ಯಾಂಡ್ ಕಾಗದ ಬಂದಿದ್ದಿತು. ಜಗಲಿಯಲ್ಲಿ ಅತ್ತೆ, ಬಾಗಿಲ ಮರೆಯಲ್ಲಿ ಸೊಸೆ. ನಾನು ಯಥಾಪ್ರಕಾರ ಓದುತ್ತ ಸಹಿಯವರೆಗೆ ಬಂದೆನು. ಸಹಿಯ ಕೆಳಗೆ ‘ತಾ. ಕ.’ ಎಂದು ಎರಡು ಪಂಕ್ತಿಗಳಿದ್ದವು. ಹಂಡೆಗೆ ನೀರು ತುಂಬುವಾಗ ಆಗುತ್ತಿದ್ದ ಬಳೆಗಳ ಸದ್ದು ರಾತ್ರಿ ಕೆಲಸ ಮುಗಿಸಿ ಮಲಗಿದಾಗ ತನ್ನ ಕಿವಿಗೆ ಬರುವುದೆಂದು ಅವನು ಬರೆದಿದ್ದನು. ನನಗೆ ಕಿವಿ ಬಿಸಿಯಾಯಿತು. ಓದು ನಿಂತಿತು. ‘ಮತ್ತೇನು ಬರೆದಿದ್ದಾನೆ?’ ಎಂದು ಅತ್ತೆ ಕೇಳಿದಳು. ‘ಮಳೆ ಹೇಗಿದೆಯೆಂದು ಕೇಳಿದ್ದಾನೆ’ ಎಂದೆನು. ಪ್ರತ್ಯುತ್ತರವನ್ನೂ ನಾನೇ ಬರೆಯಬೇಕಾದುದರಿಂದ, ಸೊಸೆ ಬಾಗಿಲ ಮರೆಯಿಂದಲೇ ಮೆಲ್ಲಗೆ ಹೇಳಿದಳು: ‘ಮಳೆ ಚೆನ್ನಾಗಿದೆ ಎಂದು ಬರೆ, ಮಗಾ.’ ಹಾಗೆಯೇ ಬರೆದೆನು. ಬಳೆಯ ಸದ್ದಿಗೆ ಮಳೆಯ ಉತ್ತರ ಹೋಯಿತು.

ಪಾಠಶಾಲೆಯಲ್ಲಿ ಮುಂದೆ ಕಾವ್ಯನಾಟಕಗಳನ್ನು ಓದಿದಾಗ ನನಗೆ ಒಂದು ಸಂಗತಿ ಹೊಳೆಯಿತು. ನಮ್ಮ ಸಾಹಿತ್ಯದಲ್ಲಿ ಪ್ರೇಮಪತ್ರವೆಂಬುದು ಇಬ್ಬರ ನಡುವೆ ಉಳಿದದ್ದೇ ಇಲ್ಲ. ಮೂರನೆಯವರ ಕೈಗೋ ಕಿವಿಗೋ ಅದು ಬೀಳದೆ ಹೋದುದಿಲ್ಲ. ಶಾಕುಂತಲದ ಮೂರನೆಯ ಅಂಕವನ್ನು ನೋಡಿರಿ. ಬರೆಯುವ ಸಾಧನವಿಲ್ಲದ ಆಶ್ರಮದ ಹುಡುಗಿ ತಾವರೆಯ ಎಲೆಯ ಮೇಲೆ ಉಗುರಿನಿಂದ ಅಕ್ಷರಗಳನ್ನು ಗೀರುವಳು. ಅದನ್ನು ಹೂವಿನಲ್ಲಿ ಮುಚ್ಚಿ ದೇವರ ಪ್ರಸಾದವೆಂಬ ನೆವದಿಂದ ದೊರೆಗೆ ಮುಟ್ಟಿಸುವ ಉಪಾಯ ಪ್ರಿಯಂವದೆಯದು. ಆದರೆ ಬರೆದಾದ ಮೇಲೆ ಶಕುಂತಲೆ ಮಾಡಿದುದೇನು? ಸರಿಯಾಗಿದೆಯೇ ನೋಡಿರೆಂದು ಸಖಿಯರ ಮುಂದೆ ಅದನ್ನು ಗಟ್ಟಿಯಾಗಿ ಓದಿದಳು! ಮರೆಯಲ್ಲಿದ್ದ ದುಷ್ಯಂತನು ಕೇಳಿ ಹೊರಗೆ ಬಂದುದರಿಂದ ಆ ಪತ್ರವು ಟಪಾಲಿಗೆ ಬೀಳುವ ಪ್ರಸಂಗವೇ ಬರಲಿಲ್ಲ. ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲವು ಮೈಸೂರಿನ ರಂಗಭೂಮಿಯ ಮೇಲೆ ಬಂದಂದಿನಿಂದ ಈ ದೃಶ್ಯವು ನಮ್ಮವರಿಗೂ ಮನೆಯ ಮಾತಾಗಿದೆ. ವಿಕ್ರಮೋರ್ವಶೀಯದಲ್ಲಿ ಸ್ಥಿತಿ ಇನ್ನೂ ಕಷ್ಟದ್ದು. ಊರ್ವಶಿಯು ಭೂರ್ಜಪತ್ರದ ಮೇಲೆ ಬರೆದುದನ್ನು ದೊರೆಯು ವಿದೂಷಕನ ಕೈಯಲ್ಲಿ ಕೊಟ್ಟನು, ವಿದೂಷಕನು ಬೀಳಿಸಿದನು, ಗಾಳಿಗೆ ಹಾರಿದ ಆ ಪತ್ರವು ಯಾರಿಗೆ ಸಿಕ್ಕಬಾರದೋ ಆ ಪಟ್ಟದ ರಾಣಿಗೇ ಸಿಕ್ಕಿತು. ರುಕ್ಮಿಣಿಯ ಸಂದೇಶವಾದರೂ ದ್ವಾರಕೆಗೆ ಮುಟ್ಟಿದುದು ವೃದ್ಧ ಬ್ರಾಹ್ಮಣನೊಬ್ಬನ ಮುಖದಿಂದಲೇ. ತಾನು ನಿನ್ನನ್ನೇ ವರಿಸಿದ್ದೇನೆ, ಬಂದು ಕೊಂಡೊಯ್ಯಿ ಎಂಬ ಕನ್ಯೆಯ ಮಾತನ್ನು ಶ್ರೀಕೃಷ್ಣನಿಗೆ ಅರಿಕೆಮಾಡುವಾಗ ಆ ವಿಪ್ರನ ಮುಖವು ಹೇಗಿದ್ದಿರಬಹುದೆಂದು ತಾಳಮದ್ದಳೆಯ ಅರ್ಥಧಾರಿಗಳು ಯಾರಾದರೂ ಒಮ್ಮೆ ವಿಸ್ತರಿಸಬಾರದೇ ಎಂಬುದು ನನ್ನ ಬಹುದಿನದ ಆಸೆ.

ಮಾತಿಗೆ ಮಾತು ಬಂದುದರಿಂದ ಒಂದು ಶಬ್ದವಿಚಾರ. ‘ಪತ್ರ’ವೆಂದರೆ ಎಲೆ, ನಮ್ಮ ‘ಓಲೆ’ಯೂ ತಾಳೆಯ ಗರಿಯೇ. ‘ಕಾಗದ’ ಮಾತ್ರ ಪಾರಸಿಯಿಂದ ಬಂದ ನೆಂಟ. ಅದೇ ತಾಳೆಗರಿಯನ್ನು ಸುರುಳಿಮಾಡಿ ಹೆಂಗಸರು ಕಿವಿಗೆ ಇಟ್ಟುಕೊಂಡರೆ ಅದೂ ಓಲೆ; ಮುತ್ತೈದೆತನಕ್ಕೆ ‘ಓಲೆಭಾಗ್ಯ’ವೆಂದೇ ಹೆಸರು. ಬರೆದ ಓಲೆ ಗಂಡಸಿನ ಕೈಯಲ್ಲಿ, ಬರೆಯದ ಓಲೆ ಹೆಂಗಸಿನ ಕಿವಿಯಲ್ಲಿ: ಹೀಗೆ ಒಂದೇ ಗರಿಯನ್ನು ನಮ್ಮ ಹಿರಿಯರು ಬಹುಕಾಲ ಎರಡಾಗಿ ಹಂಚಿಬಿಟ್ಟರು.

ಇವೆಲ್ಲಕ್ಕಿಂತ ನಮ್ಮ ನಾಡಿನಲ್ಲಿ ಮನೆಮನೆಗೂ ಗೊತ್ತಿರುವುದು ಚಂದ್ರಹಾಸನ ಕಥೆ. ಲಕ್ಷ್ಮೀಶನ ಜೈಮಿನಿಯನ್ನು ಓದಿದವರು ಓದಿ, ಓದಲಾರದವರು ಯಕ್ಷಗಾನದ ಆಟ ಕೂಟಗಳಲ್ಲಿ ಕೇಳಿ ಬಲ್ಲರು. ದುಷ್ಟಬುದ್ಧಿಯು ಮಗ ಮದನನಿಗೆ ಬರೆದ ಮುದ್ರೆಯ ಪತ್ರವನ್ನು ಚಂದ್ರಹಾಸನ ಕೈಯಲ್ಲೇ ಕೊಟ್ಟು ಕಳುಹಿಸಿದನು. ತಂದವನಿಗೆ ವಿಷವನ್ನು ಕೊಡೆಂದು ಅದರ ತಾತ್ಪರ್ಯ. ದಾರಿಯ ಆಯಾಸದಿಂದ ಉದ್ಯಾನದಲ್ಲಿ ನಿದ್ರಿಸಿದವನನ್ನು ಮಂತ್ರಿಯ ಮಗಳಾದ ವಿಷಯೆ ಕಂಡಳು, ಮೆಚ್ಚಿದಳು, ಪತ್ರವನ್ನು ಬಿಚ್ಚಿ ಓದಿದಳು. ತಂದೆ ಇಂಥ ವರನಿಗೆ ವಿಷ ಕೊಡಿಸುವನೇ? ಬರೆಯುವಾಗ ಕೈತಪ್ಪಿರಬೇಕು! ಕಣ್ಣಿನ ಕಾಡಿಗೆಯಿಂದ ತಿದ್ದಿ ‘ವಿಷ’ವನ್ನು ‘ವಿಷಯೆ’ಯಾಗಿಸಿದಳು. ಕೊಲೆಯ ಆಜ್ಞೆಯು ಒಂದೇ ಅಕ್ಷರದಿಂದ ಲಗ್ನಪತ್ರಿಕೆಯಾಯಿತು. ಬರೆದವನ ಎದೆಯಲ್ಲಿ ಲವಲೇಶವೂ ಇಲ್ಲದ ಪ್ರೇಮವನ್ನು ಓದಿದವಳು ಪತ್ರದೊಳಕ್ಕೆ ಸೇರಿಸಿದಳು. ಇದನ್ನು ಓದಿದಾಗಲೆಲ್ಲ ನನಗೆ ಅಜ್ಜಾವರದ ಆ ಜಗಲಿಯು ನೆನಪಿಗೆ ಬರುವುದು. ಮೂರನೆಯವಳಾದ ವಿಷಯೆ ಒಂದಕ್ಷರವನ್ನು ಕೂಡಿಸಿ ಒಂದು ಜೀವವನ್ನು ಉಳಿಸಿದಳು. ಮೂರನೆಯವನಾದ ನಾನು ಎರಡು ಪಂಕ್ತಿಗಳನ್ನು ನುಂಗಿದೆನು. ಆದರೆ ವಿಷಯೆಗೆ ಓದುಬರಹ ಬರುತ್ತಿದ್ದಿತೆಂಬುದನ್ನು ಮರೆಯಬಾರದು. ಅದು ಬಾರದಿದ್ದರೆ ಚಂದ್ರಹಾಸನು ಆ ದಿನವೇ ತೀರಿಹೋಗುತ್ತಿದ್ದನು.

ಪ್ರೇಮಪತ್ರವು ಹುಟ್ಟಬೇಕಾದರೆ ಪ್ರೇಮವೊಂದೇ ಸಾಲದೆಂಬುದನ್ನು ಕವಿಗಳು ಒಪ್ಪಲಾರರೇನೋ. ಅಧಿಕಾರಿವರ್ಗದ ವಾಚಕರು ಒಪ್ಪುವರು. ಅದಕ್ಕೆ ಟಪಾಲು ಬೇಕು, ಶಾಲೆ ಬೇಕು. ಟಪಾಲು ಮೊದಲು ಬಂದಿತು. 1854ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಚೆಚೀಟಿಗಳು ಬಂದು, ದೂರವೆಷ್ಟಾದರೂ ಕಾಗದದ ತೂಕಕ್ಕೆ ತಕ್ಕ ಒಂದೇ ದರವು ನಿಶ್ಚಯವಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಬಡವನೂ ಬರೆಯಬಹುದಾಯಿತು, ಆದರೆ ಕಾರ್ಡನ್ನು ಪೋಸ್ಟ್‌ಮಾಸ್ತರನಿಂದ ಹಿಡಿದು ನೆರೆಮನೆಯ ಹುಡುಗನವರೆಗೆ ಎಲ್ಲರೂ ಓದಬಹುದು. ಶಾಲೆ ಬಂದುದು ಬಹಳ ತಡವಾಗಿ. 1901ರ ಜನಗಣತಿಯಲ್ಲಿ ಈ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಬ್ಬರೂ ಇರಲಿಲ್ಲ. ಸ್ವಾತಂತ್ರ್ಯಾನಂತರದ 1951ರ ಗಣತಿಯಲ್ಲಿಯೂ ಆ ಸಂಖ್ಯೆ ನೂರಕ್ಕೆ ಒಂಬತ್ತನ್ನು ಮುಟ್ಟಲಿಲ್ಲ. ಕಾಗದ ಬರೆಯಬಲ್ಲ ಗಂಡನಿಗೆ ಓದಬಲ್ಲ ಹೆಂಡತಿ ಇಲ್ಲದ ದೇಶದಲ್ಲಿ ಸಾಹಿತಿಗಳ ಪ್ರೇಮಪತ್ರಗಳ ಸಂಪುಟಗಳೇಕೆ ಇಲ್ಲವೆಂದು ಆಶ್ಚರ್ಯಪಡುವುದು ವ್ಯರ್ಥ.

ಮಹಾತ್ಮರೂ ಈ ಕೊರತೆಯಿಂದ ಮುಕ್ತರಾಗಿರಲಿಲ್ಲ. 1908ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ವೋಕ್ಸ್‌ರಸ್ಟ್ ಸೆರೆಮನೆಯಲ್ಲಿದ್ದಾಗ ಕಸ್ತೂರಬಾ ಅವರು ಕಠಿನವಾದ ರೋಗದಲ್ಲಿರುವರೆಂಬ ವರ್ತಮಾನ ಗಾಂಧೀಜಿಗೆ ಮುಟ್ಟಿತು. ದಂಡವನ್ನು ತೆತ್ತರೆ ಹೊರಗೆ ಬರಬಹುದಿತ್ತು. ಸತ್ಯಾಗ್ರಹಿಯು ದಂಡ ತೆರುವುದು ಹೇಗೆ? ಅವರು ಪತ್ರ ಬರೆದರು. ನಾನು ಬರಲಾರೆ, ಧೈರ್ಯದಿಂದಿರು. ನೀನು ತೀರಿಕೊಂಡರೂ ನನಗೆ ನೀನು ಬದುಕಿದ್ದಂತೆಯೇ. ನಾನು ಮತ್ತೆ ಮದುವೆಯಾಗಲಾರೆ ಎಂಬರ್ಥದ ಮಾತುಗಳು ಅದರಲ್ಲಿವೆ. ಮೇಲುನೋಟಕ್ಕೆ ಇಷ್ಟು ನಿಷ್ಠುರವಾದ ಕಾಗದ ಇನ್ನೊಂದಿಲ್ಲ. ಪರಿಶೀಲಿಸಿದರೆ ಇದಕ್ಕಿಂತ ಸತ್ಯವಾದ ಪ್ರೇಮಪತ್ರವೂ ವಿರಳವೆಂದು ನನ್ನ ಅಭಿಪ್ರಾಯ. ಆದರೆ ಸೆರೆಮನೆಯ ಕಾಗದವು ಅಧಿಕಾರಿಗಳ ಕಣ್ಣುದಾಟಿ ಬರತಕ್ಕುದು. ಬಂದ ಮೇಲೆ ಓದಬೇಕಾದವರಿಗೋ ಅಕ್ಷರಪರಿಚಯ ಅಷ್ಟಕ್ಕಷ್ಟೆ. ಹೆಂಡತಿಗೆ ವಿದ್ಯೆ ಕಲಿಸುವ ತನ್ನ ಪ್ರಯತ್ನವು ವಿಫಲವಾಯಿತೆಂದೂ, ಅದಕ್ಕೆ ತನ್ನ ದೋಷವೇ ಕಾರಣವೆಂದೂ ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿರುವರು. ನಮ್ಮ ಸಾಹಿತಿಗಳಲ್ಲಿ ಇಷ್ಟು ಪ್ರಾಂಜಲವಾಗಿ ಒಪ್ಪಿಕೊಂಡವರು ಕಡಿಮೆ.

ಕವಿ ರವೀಂದ್ರರದು ಬೇರೆ ಕಥೆ. 1883ರಲ್ಲಿ ಅವರು ನಮ್ಮ ಕಾರವಾರದ ಕಡಲತೀರದಲ್ಲಿದ್ದುದೂ, ಅದೇ ವರ್ಷದ ಡಿಸೆಂಬರಿನಲ್ಲಿ ಅವರ ವಿವಾಹವಾದುದೂ ವಾಚಕರಿಗೆ ವಿದಿತವೇ ಇದೆ. ಹೆಂಡತಿ ಮೃಣಾಲಿನೀದೇವಿಗೆ ಓದು ಕಲಿಸಿದರು. ಮುಂದೆ ಊರೂರಿನಿಂದ ಪತ್ರ ಬರೆದರು. ಆಕೆ 1902ರಲ್ಲಿ ತೀರಿಕೊಂಡ ಮೇಲೆ, ಆಕೆ ಜೋಪಾನವಾಗಿರಿಸಿದ್ದ ಗಂಡನ ಪತ್ರಗಳು ಸಿಕ್ಕಿದವು. ಕವಿಯ ಮರಣಾನಂತರ 1942ರಲ್ಲಿ ಅವು ಪುಸ್ತಕವಾಗಿ ಹೊರಬಂದವು. ಆಕೆ ಅವರಿಗೆ ಬರೆದವುಗಳು ಮಾತ್ರ ಉಳಿದುಬಂದಿಲ್ಲ. ಹೆಂಡತಿ ಗಂಡನ ಅಕ್ಷರವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಳು. ಗಂಡನು, ಅವನು ವಿಶ್ವಕವಿಯೇ ಆಗಿರಲಿ, ಇಟ್ಟುಕೊಳ್ಳುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಎಂಬುದನ್ನು ನಮ್ಮ ನಮ್ಮ ಪೆಟ್ಟಿಗೆಗಳನ್ನು ತೆರೆದು ನೋಡಿಕೊಳ್ಳಬಹುದು.

ಕನ್ನಡದಲ್ಲಿ ಪತ್ರವಿಲ್ಲದ ಜಾಗವನ್ನು ಕಾವ್ಯವು ತುಂಬಿಕೊಂಡಿತು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯ ಶಾಲೆಯಲ್ಲಿ ವ್ಯಾಯಾಮವನ್ನು ಕಲಿಸುತ್ತ, ರಾತ್ರಿ ಗ್ರಂಥ ಬರೆಯುತ್ತ, 1901ರಲ್ಲಿ ಮೂವತ್ತೊಂದನೆಯ ವಯಸ್ಸಿಗೆ ಕ್ಷಯರೋಗದಿಂದ ತೀರಿಕೊಂಡರು. ಶ್ರೀರಾಮಾಶ್ವಮೇಧದಲ್ಲಿ ಅವರು ಮುದ್ದಣನಾಗಿ ಕಥೆ ಹೇಳುವರು. ಮನೋರಮೆಯು ನಡುನಡುವೆ ತಡೆದು, ಕೆಣಕಿ, ಸಂಸ್ಕೃತದ ಭಾರವನ್ನು ಗೇಲಿಮಾಡಿ ಕೇಳುವಳು. ಮನೋರಮೆ ಅವರ ಮನೆಯಾಕೆಯೇ ಎಂದು ಓದಿದವರೆಲ್ಲ ನಂಬಿರುವರು, ನಾನೂ ನಂಬಿದ್ದೇನೆ. ಮಜವೆಂದರೆ, ತಮ್ಮ ಗ್ರಂಥಗಳನ್ನು ಮೈಸೂರಿನ ಪತ್ರಿಕೆಗೆ ಕಳುಹಿಸುವಾಗ ಅವು ತಮ್ಮವೆಂಬುದನ್ನು ಅವರು ಮರೆಮಾಚಿದರು. ಹೆಂಡತಿಯೊಡನೆ ಆಡಿದ ಸರಸವು ಅಚ್ಚಾಗಿ ನಾಡಿಗೆಲ್ಲ ಹಂಚಿಹೋಯಿತು. ಆಡಿದವರಾರೆಂಬುದು ಮಾತ್ರ ಬಹುಕಾಲ ಮುದ್ರೆಯೊಳಗೇ ಉಳಿಯಿತು! ಇನ್ನು ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆ, 1942ರದು. ತವರಿಗೆ ಹೋದ ಹೆಂಡತಿಯು ಗಂಡನಿಗೆ ಸಮಾಧಾನ ಹೇಳುವ ಪದ್ಯವನ್ನು ಹಾಡದ ಮನೆಯುಂಟೇ? ಆ ಪುಸ್ತಕವನ್ನು ಮದುವೆಗಳಲ್ಲಿ ಉಡುಗೊರೆಯಾಗಿ ಕೊಟ್ಟವರೆಷ್ಟೋ. ತಾವು ಬರೆಯಲಾರದ ಕಾಗದವನ್ನು ಕವಿ ಬರೆದುಕೊಟ್ಟಿರುವನೆಂದೇ ಜನ ಅದನ್ನು ಕೊಂಡರು ಎನ್ನಬಹುದು. ಆದರೆ ಅಲ್ಲಿಯೂ ಹೆಂಡತಿಯ ಮಾತನ್ನು ಬರೆದುದು ಗಂಡಸಿನ ಲೇಖನಿ. ನಾನು ಅಜ್ಜಾವರದಲ್ಲಿ ಮಾಡಿದ ಉದ್ಯೋಗವನ್ನೇ ಅವರು ಅತ್ಯುತ್ತಮವಾಗಿ ಮಾಡಿದರೆಂದರೆ ಅಪಚಾರವಾಗಲಾರದು.

ನಮ್ಮ ಪುತ್ತೂರಿಗೆ ಬರೋಣ. ಶಿವರಾಮ ಕಾರಂತರು ಇಲ್ಲಿ ನೆಲೆನಿಂತು, 1936ರಲ್ಲಿ ಜಾತಿಯ ಗೋಡೆಯನ್ನು ದಾಟಿ ಲೀಲಾ ಆಳ್ವರನ್ನು ಮದುವೆಯಾದರು. ಆ ಕಾಲದಲ್ಲಿ ಈ ಜಿಲ್ಲೆಯಲ್ಲಿ ಅದೇನು ಸಾಮಾನ್ಯ ಸಾಹಸವಲ್ಲ. ಅವರ ಬೆಟ್ಟದ ಜೀವವು 1943ರಲ್ಲಿ ಹೊರಬಂದಿತು. ಸುಬ್ರಹ್ಮಣ್ಯದ ಬೆಟ್ಟಗಳ ತಪ್ಪಲಿನ ಕಥೆ, ಎಂದರೆ ನಮ್ಮ ಸುಳ್ಯ ಕಡಬಗಳ ಕಡೆಯದೇ. ಗೋಪಾಲಯ್ಯ ಶಂಕರಿಯರು ಕಾಡಿನ ನಡುವಿನ ಆ ಮನೆಯಲ್ಲಿ ಪರಸ್ಪರ ಹಾಸ್ಯಮಾಡುತ್ತ, ದೂರ ಹೋದ ಮಗನ ನೋವನ್ನು ಒಬ್ಬರಿಗೊಬ್ಬರು ಮರೆಸುತ್ತ ಬಾಳುವುದನ್ನು ಓದಿದರೆ, ಇವರಿಗೆ ಪತ್ರವೇಕೆ ಬೇಕು ಎನಿಸುವುದು. ಅಗಲಿಕೆಯಿಲ್ಲದಲ್ಲಿ ಅಂಚೆಗೆ ಕೆಲಸವಿಲ್ಲ. ಇಲ್ಲಿ ನಾನು ವಿಶೇಷವಾಗಿ ಹೇಳಬೇಕಾದುದು ಲೀಲಾ ಅವರ ವಿಷಯ. ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರು ಬರೆದ ಪ್ರಸಿದ್ಧ ಕಾದಂಬರಿಯನ್ನು ಆಕೆ ‘ಯಾರು ಲಕ್ಷಿಸುವರು?’ ಎಂದು ಕನ್ನಡಕ್ಕೆ ತಂದರು. ಯಮುನೆ ಎಂಬ ಹೆಣ್ಣುಮಗಳು ತನ್ನ ಬಾಳನ್ನು ತಾನೇ ಹೇಳಿಕೊಳ್ಳುವ ಪುಸ್ತಕವದು. ಗಂಡನು ಪ್ರೀತಿಯಿಂದ ಓದು ಕಲಿಸಿದ್ದು, ಆ ಓದಿಗಾಗಿಯೇ ಮನೆಮಂದಿ ಅವಳನ್ನು ಹಂಗಿಸಿದ್ದು, ಕಡೆಗೆ ವೈಧವ್ಯದ ದುಃಖ, ಎಲ್ಲವೂ ಅದರಲ್ಲಿದೆ. ಪುತ್ತೂರಿನ ಮನೆಯಲ್ಲಿ ಕುಳಿತು ಅಂಥ ಪುಸ್ತಕವನ್ನು ಆರಿಸಿ ತರ್ಜುಮೆಮಾಡಿದ ಹೆಣ್ಣಿಗೆ, ತನ್ನ ಕಾಗದವನ್ನು ಓದಿಸಿಕೊಳ್ಳಲು ನೆರೆಮನೆಯ ಹುಡುಗನು ಬೇಕಾಗಿರಲಿಲ್ಲವೆಂಬುದೇ ನನಗೆ ದೊಡ್ಡ ಸಂಗತಿಯಾಗಿ ತೋರುವುದು.

ಹೀಗೆ ಬರೆದ, ಓದಿದ, ಉಳಿದ ಪತ್ರಗಳನ್ನು ಅಚ್ಚುಹಾಕಿಸಬಹುದೇ ಎಂಬ ಪ್ರಶ್ನೆಯು ಈಗ ನಮ್ಮಲ್ಲಿಯೂ ಏಳತಕ್ಕದ್ದೇ. ಸಾಹಿತಿಗಳ ಶತಮಾನೋತ್ಸವಗಳು ಬರುತ್ತಲೇ ಇವೆ. ಪಶ್ಚಿಮದಲ್ಲಿ ಇದಕ್ಕೆ ಎರಡು ನಿದರ್ಶನಗಳುಂಟು. ಬ್ರೌನಿಂಗ್ ಕವಿಯೂ ಎಲಿಜಬೆತ್ ಬ್ಯಾರೆಟಳೂ 1845-46ರಲ್ಲಿ ಬರೆದುಕೊಂಡ ಐನೂರಕ್ಕೂ ಮಿಕ್ಕ ಪತ್ರಗಳನ್ನು ಅವರ ಮಗನು 1899ರಲ್ಲಿ ಪ್ರಕಟಿಸಿದನು. ಕವಿಯು ಬೇರೆ ಎಷ್ಟೋ ಕಾಗದಗಳನ್ನು ಸುಟ್ಟವನಾದರೂ ಇವನ್ನು ಮಗನ ಕೈಯಲ್ಲಿ ಬಿಟ್ಟಿದ್ದನು. ಇದು ಸರಿಯೆನ್ನೋಣ. ಕೀಟ್ಸನ ಪತ್ರಗಳ ಗತಿ ಬೇರೆ. ಫ್ಯಾನಿ ಬ್ರಾನ್ ಎಂಬಾಕೆ ಅವನ ಪತ್ರಗಳನ್ನು ಬಾಳೆಲ್ಲ ಬಚ್ಚಿಟ್ಟುಕೊಂಡಿದ್ದಳು. ಆಕೆಯ ಕಾಲಾನಂತರ ಅವು 1878ರಲ್ಲಿ ಅಚ್ಚಾದವು, 1885ರಲ್ಲಿ ಹರಾಜಿನ ಕಟ್ಟೆಗೂ ಬಂದವು. ಸಾಯುವ ಹುಡುಗನ ಸಂಕಟವನ್ನು ಸವಾಲಿನಲ್ಲಿ ಕೂಗಿ ಮಾರಿದರು! ಆಕೆ ಅವನಿಗೆ ರೋಮಿಗೆ ಬರೆದ ಕಡೆಯ ಕಾಗದಗಳನ್ನಾದರೋ ಅವನು ನೋವಿನಿಂದ ಒಡೆಯಲೇ ಇಲ್ಲ. 1821ರಲ್ಲಿ ಮುದ್ರೆ ಒಡೆಯದೆಯೇ ಅವು ಅವನೊಂದಿಗೆ ಮಣ್ಣಾದವು. ಮೂರನೆಯವನ ಕಣ್ಣಿಗೆ ಬೀಳದ ಪ್ರೇಮಪತ್ರಗಳಿದ್ದರೆ ಅವೇ. ಆದರೆ ಎರಡನೆಯವನೂ ಅವನ್ನು ಓದಲಿಲ್ಲವಷ್ಟೆ. ಪಡೆದವರ ಅನುಮತಿಯಿಲ್ಲದೆ ಅಚ್ಚುಹಾಕಬಾರದು, ಅವಸರದಿಂದ ಸುಡಲೂಬಾರದು. ವಿಶ್ವವಿದ್ಯಾಲಯಗಳು ಮುದ್ರೆಯಿಟ್ಟು ಒಂದು ತಲೆಮಾರಿನವರೆಗೆ ಕಾಪಾಡಲಿ ಎಂದು ನಾನು ಹೇಳುವೆನು. ಇದಕ್ಕೆ ಒಪ್ಪದ ಮಿತ್ರರು ಬರೆಯಬಹುದು. ಈ ಪುಟದಲ್ಲಿ ಸ್ಥಳವಿದೆ.

ಅಜ್ಜಾವರದ ಆ ಕಾಗದದ ಕಥೆಯು ಒಂದಿಷ್ಟು ಉಳಿದಿದೆ. 1990ರ ದಶಕದ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಕ್ಷರತೆಯ ಆಂದೋಲನ ನಡೆಯಿತು. ರಾತ್ರಿ ಊಟವಾದ ಮೇಲೆ ದೀಪದ ಸುತ್ತ ಕುಳಿತು ಹೆಂಗಸರು ಅಕ್ಷರ ತಿದ್ದಿದರು, ಆಕೆಯೂ ತಿದ್ದಿದಳು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು. ಗಂಡನು ಮುಂಬಯಿ ಬಿಟ್ಟು ಬಂದು ತೋಟ ನೋಡಿಕೊಳ್ಳುತ್ತಿದ್ದನು. ನಾನು ಊರಿಗೆ ಹೋಗಿದ್ದಾಗ ಒಂದು ಸಂಜೆ ಅವರ ಮನೆಯ ಮುಂದೆ ಹಾದುಹೋಗುವಾಗ ಆಕೆ ಕರೆದಳು. ಮಣೆ ಹಾಕಿದಳು, ಬೆಲ್ಲ ನೀರು ತಂದಿಟ್ಟಳು. ಆಮೇಲೆ ಒಳಗಿನಿಂದ ಮಡಿಕೆಯ ಜಾಗದಲ್ಲಿ ಹರಿಯತೊಡಗಿದ್ದ ನೀಲಿ ಕಾಗದವೊಂದನ್ನು ತಂದು, ನನ್ನ ಕೈಗೆ ಕೊಡದೆ ತಾನೇ ಬಿಚ್ಚಿ, ಅಕ್ಷರದ ಮೇಲೆ ಬೆರಳಿಟ್ಟು, ಕೂಡಿಸಿಕೂಡಿಸಿ ಓದಿದಳು. ತಾ. ಕ.ದಿಂದಲೇ ಓದಿದಳು.

‘ಮಳೆ ಎಂದು ಹೇಳಿದೆಯಲ್ಲ, ಮಗಾ’ ಎಂದಳು. ಗದರಲಿಲ್ಲ.

ನಾನು ಏನು ಹೇಳಲಿ? ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅವಳ ಗಂಡನು ತಲೆಯೆತ್ತದೆಯೇ, ‘ಅವನೇನು ಮಾಡಿಯಾನು, ಚಿಕ್ಕ ಹುಡುಗ’ ಎಂದನು. ಆಕೆ ಕಾಗದವನ್ನು ಹಳೆಯ ಮಡಿಕೆಗಳಲ್ಲಿಯೇ ಮಡಿಸಿ ಒಳಗೆ ಕೊಂಡೊಯ್ದಳು. ಆ ಮಳೆಗಾಲದ ಬಳಿಕ ಮುಂಬಯಿಯಿಂದ ಆ ಮನೆಗೆ ಬಂದ ಕಾಗದಗಳನ್ನು ಮೂರು ವರ್ಷ ನಾನೇ ಓದಿದ್ದೆನು. ಅವುಗಳಲ್ಲಿ ಒಂದರಲ್ಲಿಯೂ ಸಹಿಯ ಕೆಳಗೆ ತಾ. ಕ. ಇರಲಿಲ್ಲ.